ತೆಂಗಿನ ಕುರುವಾಯಿಗೆ (ಸುಳಿ ಕೊರೆಯುವ ಕೊಂಬಿನ ದುಂಬಿಗೆ) ವೈರಸ್ ಸ್ಪ್ರೇ ಮಾಡಬಹುದೇ? ಬಾಟಲಿ ಎಲ್ಲಿ ಸಿಗುತ್ತದೆ?

ಬಾಟಲಿ ಸಿಗುವುದಿಲ್ಲ. ಸ್ಪ್ರೇ ಮಾಡಲಿಕ್ಕೂ ಬರುವುದಿಲ್ಲ. ಆರು ವರ್ಷದ ಹಿಂದೆ ನಾನೂ ಇದನ್ನೇ ಕೇಳಿಕೊಂಡು ನಮ್ಮ ಕಾಸರಗೋಡು ಕಡೆಯ ಬದಿಯಡ್ಕ, ಕುಂಬಳೆಯ ಔಷಧಿ ಅಂಗಡಿಗಳನ್ನೆಲ್ಲ ಹತ್ತಿ ಇಳಿದಿದ್ದೆ. ಲಸಿಕೆ ಮಾಡುವ ವೈರಸ್ಸೂ ಇದೇನಾ, ಮನುಷ್ಯರಿಗೆ ಅಪಾಯ ಇಲ್ವಾ ಅಂತಲೂ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮದು ಪೆರ್ಲದ ಹತ್ತಿರ, ಗುಡ್ಡೆಯ ಬದಿಯಲ್ಲಿ ಎರಡೂವರೆ ಎಕರೆ ತೆಂಗು. ಆ ವರ್ಷ 40 ಹೊಸ ಗಿಡ ನೆಟ್ಟಿದ್ದೆವು. ತಿರಿ ಬಿಚ್ಚಿದಾಗ ನೋಡಿದರೆ ಒಂದೊಂದು ಮಡಲೂ ಕತ್ತರಿ ಹಾಕಿದ ಹಾಗೆ ಇತ್ತು. ನಾಲ್ಕು ಗಿಡ ಸುಳಿ ಹೋಗಿ ಸತ್ತೇಬಿಟ್ಟವು. ಅಷ್ಟರಲ್ಲಿ ಒಂದು ತರಬೇತಿಯಲ್ಲಿ ಕುರುವಾಯಿಗೆ ರೋಗ ತರುವ ವೈರಸ್ಸಿನ ಸುದ್ದಿ ಕಿವಿಗೆ ಬಿತ್ತು. ಮನೆಗೆ ಬಂದು ಹೇಳಿದರೆ ಅಮ್ಮ ಹೌಹಾರಿದರು. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇರು ತೋಟದ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಕಣ್ಣಾರೆ ಕಂಡವರು ಅಮ್ಮ. "ಇನ್ನು ಅದೊಂದು ಬಾಕಿ ಇತ್ತಾ ಮಗ?" ಅಂದರು.

ಅವರನ್ನು ಒಪ್ಪಿಸಲಿಕ್ಕೆ ನಾನು ಈ ವೈರಸ್ಸಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 1963ರಲ್ಲಿ ಅಲೋಯಿಸ್ ಹ್ಯೂಗರ್ ಎಂಬ ಜರ್ಮನ್ ವಿಜ್ಞಾನಿ ಮಲೇಷ್ಯಾದಲ್ಲಿ ಇದನ್ನು ಕಂಡುಹಿಡಿದರು. 1967ರಲ್ಲಿ ಪೆಸಿಫಿಕ್ ಸಾಗರದ ಸಮೋವಾ ದ್ವೀಪದಲ್ಲಿ ಬಿಟ್ಟರು. ಕುರುವಾಯಿ ಕಾಟದಿಂದ ಬೋಳಾಗುತ್ತಿದ್ದ ತೆಂಗು ಅಲ್ಲಿ ಚೇತರಿಸಿಕೊಂಡಿತು. ನಮ್ಮ ಲಕ್ಷದ್ವೀಪದ ಮಿನಿಕಾಯ್‌ನಲ್ಲೂ 1980ರ ದಶಕದಲ್ಲಿ ಬಿಟ್ಟಿದ್ದಾರೆ. ಅಮ್ಮನಿಗೆ ಇದೆಲ್ಲ ಬೇಕಿರಲಿಲ್ಲ. "ಹೊಡೆಯಲಿಕ್ಕೆ ಇಲ್ಲ ತಾನೇ?" ಎಂದು ಎರಡು ಸಲ ಕೇಳಿದರು. ಇಲ್ಲ ಅಂದೆ. ಸುಮ್ಮನಾದರು.

ಹೊಡೆಯಲಿಕ್ಕೆ ಇಲ್ಲ. ರೋಗ ಬಂದು ಸತ್ತ ಗೊಬ್ಬರದ ಹುಳವನ್ನು, ಅಂದರೆ ಕುರುವಾಯಿಯ ಮರಿಹುಳವನ್ನು ಅರೆದು, ಆ ನೀರಿನ ಹನಿಯನ್ನು ಜೀವಂತ ದುಂಬಿಯ ಬಾಯಿಗೆ ಮುಟ್ಟಿಸುತ್ತಾರೆ. ಒಂದು ಹೆಕ್ಟೇರಿಗೆ 10ರಿಂದ 15 ದುಂಬಿ, ಮುಸ್ಸಂಜೆಗೆ ಬಿಟ್ಟರೆ ಆಯಿತು. ಪರಿಚಯದ ಕೃಷಿ ವಿಜ್ಞಾನಿಯೊಬ್ಬರ ಮೂಲಕ ನನಗೆ 12 ಸಿಕ್ಕಿದವು. ಎಲ್ಲಿಯವರೆಗೆ ಹೋಗುತ್ತವೆ ನೋಡುವ ಎಂದು ತಂಗಿಯ ಕೆಂಪು ನೈಲ್ ಪಾಲಿಶ್ ತಂದು ಒಂದೊಂದರ ಬೆನ್ನಿಗೂ ಚುಕ್ಕೆ ಇಟ್ಟೆ. ಬಿಟ್ಟೆ. ಹಾರಿಹೋದವು.

ತಪ್ಪು ಮಾಡಿದ್ದು ಮರುದಿನ. "ಎರಡೂ ಕಡೆಯಿಂದ ಹೊಡೆತ ಬೀಳಲಿ" ಎಂದುಕೊಂಡು ದುಂಬಿಯನ್ನು ವಾಸನೆಯಿಂದ ಸೆಳೆದು ಬೀಳಿಸುವ ಫೆರೋಮೋನ್ ಬಕೆಟ್ ತಂದು ಗೊಬ್ಬರದ ಗುಂಡಿಯ ಪಕ್ಕದಲ್ಲೇ ತೂಗುಹಾಕಿದೆ. ತಳಕ್ಕೆ ಸೋಪಿನ ನೀರು. ಗುಂಡಿಗೆ ಕೀಟನಾಶಕ ಸುರಿದೆ. ತೋಟಕ್ಕೆ ಬರುವ ಕೆಲಸದ ಅಣ್ಣನ ಕೈಗೆ ಕಬ್ಬಿಣದ ಕೊಕ್ಕೆ ಕೊಟ್ಟು, ಸುಳಿಯಿಂದ ದುಂಬಿ ಎಳೆದರೆ ಒಂದಕ್ಕೆ ಐದು ರೂಪಾಯಿ ಎಂದೆ. ಹತ್ತು ದಿನದಲ್ಲಿ ಬಕೆಟ್ಟಿಗೆ 31 ಬಿದ್ದವು. ಫೋಟೋ ತೆಗೆದು ಕುಟುಂಬದ ಗ್ರೂಪಿಗೆ ಹಾಕಿದೆ, ಎಲ್ಲರೂ ಶಹಬ್ಬಾಸ್ ಅಂದರು. ರಾತ್ರಿ ಅದೇ ಫೋಟೋ ದೊಡ್ಡದು ಮಾಡಿ ನೋಡುತ್ತೇನೆ, ಕೆಂಪು ಚುಕ್ಕೆ. ಒಂದಲ್ಲ, ಐದು. ಮರುದಿನ ಕೊಕ್ಕೆಯ ಅಣ್ಣ ಇನ್ನೆರಡು ತಂದುಕೊಟ್ಟರು. "ಧನಿಗಳೇ, ಇದಕ್ಕೆ ಕುಂಕುಮ ಇಟ್ಟದ್ದು ಯಾರು?" ಅಂತ ನಗು ಬೇರೆ. ಹತ್ತು ರೂಪಾಯಿ ಕೊಟ್ಟೆ.

ಇದು ಯಾಕೆ ಇಷ್ಟು ದೊಡ್ಡ ತಪ್ಪು ಅಂದರೆ, ಆ ದುಂಬಿಗಳೇ ಔಷಧಿ. ರೋಗ ಹಿಡಿದ ದುಂಬಿ ಕೂಡಲೇ ಸಾಯುವುದಿಲ್ಲ. ವೈರಸ್ ಅದರ ಕರುಳಿನಲ್ಲಿ ಬೆಳೆದು ಹಿಕ್ಕೆಯ ಜೊತೆ ಹೊರಗೆ ಬೀಳುತ್ತದೆ. ಆ ಸ್ಥಿತಿಯಲ್ಲೇ ಅದು ಹಾರುತ್ತದೆ, ಜೋಡಿ ಹುಡುಕುತ್ತದೆ, ಗೊಬ್ಬರದ ಗುಂಡಿಗೂ ಕುಂಬಾದ ತೆಂಗಿನ ಬೊಡ್ಡೆಗೂ ಹೋಗುತ್ತದೆ. ಹೋದಲ್ಲೆಲ್ಲ ಹಂಚುತ್ತದೆ. ಗುಂಡಿಯ ಮರಿಹುಳಗಳು ಅದನ್ನು ತಿಂದು ಸಾಯುತ್ತವೆ. ರೋಗದ ಹೆಣ್ಣು ಮೊಟ್ಟೆ ಇಡುವುದೂ ಕಡಿಮೆ. ಅಂದರೆ ಕಾಯಿಲೆಯ ದುಂಬಿ ಎಷ್ಟು ದಿನ ಬದುಕಿ ತಿರುಗುತ್ತದೋ ಅಷ್ಟು ನಮಗೆ ಲಾಭ. ನಾನು ಮಾಡಿದ್ದೇನು? ಮದುವೆಯ ಹೇಳಿಕೆಗೆ ಹೊರಟವನನ್ನು ಗೇಟಿನಲ್ಲೇ ಕಟ್ಟಿಹಾಕಿ, ಜನ ಯಾಕೆ ಬರಲಿಲ್ಲ ಎಂದು ಕೇಳಿದ ಹಾಗೆ. ಗುಂಡಿಗೆ ಕೀಟನಾಶಕ ಸುರಿದದ್ದೂ ಅಷ್ಟೇ. ವೈರಸ್ ಬೆಳೆಯಬೇಕಾದ ಜೀವಂತ ಹುಳಗಳನ್ನೇ ನಾನು ಮೊದಲು ಮುಗಿಸಿಬಿಟ್ಟೆ. ಸತ್ತ ಹುಳದಲ್ಲಿ ರೋಗ ಬೆಳೆಯುವುದಿಲ್ಲ ಅಲ್ವಾ?

ಬಕೆಟ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಸೋಪಿನ ನೀರು ಹಾಕದೆ ಇದ್ದಿದ್ದರೆ ಆ 31 ದುಂಬಿಗಳೂ ಜೀವಂತ ಸಿಗುತ್ತಿದ್ದವು. ಅವಕ್ಕೇ ರೋಗ ಹಚ್ಚಿಸಿ ವಾಪಸ್ ಬಿಡಬಹುದಿತ್ತು. ಅದು ಹೊಳೆಯಲಿಕ್ಕೆ ನನಗೆ ಒಂದು ವರ್ಷ ಬೇಕಾಯಿತು.

ಬಾಟಲಿ ಯಾಕಿಲ್ಲ ಎನ್ನುವುದಕ್ಕೂ ನಿಮ್ಮ ಲಸಿಕೆಯ ಪ್ರಶ್ನೆಗೂ ನಂಟು ಇದೆ. ತೊಗರಿಯ ಕಾಯಿಕೊರಕಕ್ಕೆ ಹೊಡೆಯುವ ಎನ್‌ಪಿವಿ ಎಂಬ ವೈರಸ್ ಬಾಟಲಿಯಲ್ಲಿ ಸಿಗುತ್ತದೆ. ಅದು ಬ್ಯಾಕ್ಯುಲೋವೈರಸ್ ಎಂಬ ಗುಂಪಿನದು, ಅದಕ್ಕೆ ಪಾಲಿಹೆಡ್ರಿನ್ ಎಂಬ ಪ್ರೋಟೀನಿನ ಗಟ್ಟಿ ಅಂಗಿ ಇದೆ. ಹುಳದ ಕರುಳಿನ ಕ್ಷಾರದಲ್ಲಿ ಮಾತ್ರ ಆ ಅಂಗಿ ಕರಗುತ್ತದೆ. ಕುರುವಾಯಿಯ ವೈರಸ್ಸನ್ನೂ ಮೊದಲು ಬ್ಯಾಕ್ಯುಲೋವೈರಸ್ ಎಂದೇ ಕರೆಯುತ್ತಿದ್ದರು. ಈಗ ಅದರ ಹೆಸರು ನುಡಿವೈರಸ್. ನಮ್ಮ ಕನ್ನಡದ ನುಡಿ ಅಲ್ಲ, ಲ್ಯಾಟಿನ್‌ನಲ್ಲಿ ಬೆತ್ತಲೆ ಎಂದು ಅರ್ಥ. ಅಂಗಿ ಇಲ್ಲದ ಕಾರಣ ಬಿಸಿಲಿಗೆ ಬಿದ್ದರೆ ಬೇಗ ಸಾಯುತ್ತದೆ. ಅದಕ್ಕೆ ದುಂಬಿಯ ಹೊಟ್ಟೆಯೇ ಬಾಟಲಿ.

ಲಸಿಕೆಯವರಿಗೆ ಬೇಕಾದದ್ದು ಅಂಗಿ ಇರುವ ಜಾತಿ. ಪ್ರಯೋಗಾಲಯದ ಜೀವಕೋಶದಲ್ಲಿ ಬೆಳೆಸುವಾಗ ವೈರಸ್ಸಿಗೆ ಅಂಗಿ ಬೇಕಾಗಿಲ್ಲ. ಆದರೆ ಅಂಗಿ ಹೊಲಿಯುವ ಜೀನ್ ಭಾರೀ ಜೋರಿನದು, ರಾಶಿ ರಾಶಿ ಪ್ರೋಟೀನ್ ಮಾಡಿಸುತ್ತದೆ. ಆ ಜೀನ್ ತೆಗೆದು ಅದರ ಜಾಗದಲ್ಲಿ ನಮಗೆ ಬೇಕಾದ ಪ್ರೋಟೀನಿನ ಜೀನ್ ಕೂರಿಸಿದರೆ ಅಷ್ಟೇ ಜೋರಿನಲ್ಲಿ ಅದನ್ನು ಮಾಡಿಕೊಡುತ್ತದೆ. 1983ರಲ್ಲಿ ಟೆಕ್ಸಾಸ್‌ನಲ್ಲಿ ಗೇಲ್ ಸ್ಮಿತ್ ಮತ್ತು ಮ್ಯಾಕ್ಸ್ ಸಮ್ಮರ್ಸ್ ಹೀಗೆ ಮನುಷ್ಯರ ಇಂಟರ್‌ಫೆರಾನ್ ಎಂಬ ಪ್ರೋಟೀನ್ ಮಾಡಿಸಿದರು. ಗರ್ಭಕಂಠದ ಕ್ಯಾನ್ಸರ್ ತಡೆಯುವ ಸರ್ವಾರಿಕ್ಸ್ ಲಸಿಕೆ, ಕೋವಿಡ್‌ನ ಕೋವೊವ್ಯಾಕ್ಸ್, ಎರಡಕ್ಕೂ ಪ್ರೋಟೀನ್ ಬಂದದ್ದು ಇದೇ ದಾರಿಯಲ್ಲಿ. ತಮಾಷೆ ಏನೆಂದರೆ ಕೋವೊವ್ಯಾಕ್ಸ್‌ಗೆ ಬಳಸಿದ ಜೀವಕೋಶಗಳ ಮೂಲ, 2018ರಲ್ಲಿ ಕರ್ನಾಟಕದ ಮೆಕ್ಕೆಜೋಳಕ್ಕೆ ಬಿದ್ದ ಸೈನಿಕ ಹುಳುವಿನದೇ ಜಾತಿ. ಈ ವೈರಸ್‌ಗಳು ಮನುಷ್ಯರ ದೇಹದಲ್ಲಿ ಬೆಳೆಯುವುದಿಲ್ಲ. ಹಾಗಾಗಿ ಹೆದರಬೇಡಿ. ನಿಮ್ಮ ಮನೆಯಲ್ಲೂ ಅಮ್ಮ ಇದ್ದರೆ ಮೊದಲು ಅವರಿಗೆ ಹೇಳಿ, ಅಷ್ಟೇ.

"ಸಂಪೂರ್ಣ ನಾಶ ಆಗುತ್ತದಾ?" ಎನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕುರುವಾಯಿ ಪೂರ್ತಿ ಹೋದರೆ ರೋಗವೂ ಹೋಗುತ್ತದೆ. ಪಕ್ಕದ ತೋಟದಿಂದ ಹೊಸ ದುಂಬಿ ಬಂದರೆ ಮತ್ತೆ ಮೊದಲಿನಿಂದ ಶುರು. ನಾಲ್ಕು ರೋಗಿಷ್ಠ ದುಂಬಿ ತೋಟದಲ್ಲಿ ಇರಬೇಕು. ಅಷ್ಟು ತಡೆದುಕೊಳ್ಳಲು ಆಗದಿದ್ದರೆ ನಿಮಗೆ ವೈರಸ್ ಬೇಡ, ಕೊಕ್ಕೆಯೇ ಸಾಕು.

ಮರುವರ್ಷ ಮತ್ತೆ 12 ಬಿಟ್ಟೆ. ಬಕೆಟ್ ಅಟ್ಟಕ್ಕೆ ಹೋಯಿತು, ಕೊಕ್ಕೆಗೆ ರಜೆ. ಎರಡು ತಿಂಗಳು ಕಳೆದು ಗುಂಡಿ ಅಗೆದಾಗ ಕೆಲವು ಹುಳ ಊದಿಕೊಂಡು ಗಾಜಿನ ಹಾಗೆ ಕಂಡವು. ಈ ರೋಗದ ಗುರುತು ಅದೇ. ಈಗಲೂ ಅಲ್ಲೊಂದು ಇಲ್ಲೊಂದು ಮಡಲು ಕತ್ತರಿಸಿದ್ದು ಕಾಣುತ್ತದೆ, ಆದರೆ ಆಮೇಲೆ ಗಿಡ ಸತ್ತಿಲ್ಲ. ಎಳೆ ಗಿಡಗಳ ಸುಳಿಯ ಬುಡದ ಮೂರು ಕಂಕುಳಿಗೆ ಒಂದೊಂದು ನುಸಿಗುಳಿಗೆ ಇಟ್ಟು ಮರಳು ಮುಚ್ಚುತ್ತೇನೆ, 45 ದಿನಕ್ಕೊಮ್ಮೆ. ದುಂಬಿ ಅದರ ವಾಸನೆಗೆ ದೂರ ಹೋಗುತ್ತದೆ, ಸಾಯುವುದಿಲ್ಲ. ನೈಲ್ ಪಾಲಿಶ್ ಬಾಟಲಿಯನ್ನು ತಂಗಿ ವಾಪಸ್ ತೆಗೆದುಕೊಳ್ಳಲಿಲ್ಲ.