ಸರ್ವಿಸ್‌ಗೆ ಕೊಟ್ಟ ಕಾರು ಕೆಟ್ಟು ಬಂದರೆ: ರೆಡಿಂಗ್‌ನ ಹೊಸಬರಿಗೆ ಉತ್ತರ

ನೀವು ಇಂಗ್ಲೆಂಡಿನ ರೆಡಿಂಗ್‌ನಿಂದ ಬರೆದ ಪತ್ರ, ನಾನು ರಜೆಗೆಂದು ಜಯನಗರದ ಮನೆಗೆ ಬಂದಿರುವಾಗ ಕೈಸೇರಿತು. ಸೆಕೆಂಡ್ ಹ್ಯಾಂಡ್ ಕಾರಿಗೆ ಟೈಮಿಂಗ್ ಬೆಲ್ಟ್ ಮತ್ತು ವಾಟರ್ ಪಂಪ್ ಬದಲಾಯಿಸಲು ಆ ಬ್ರ್ಯಾಂಡಿನ ಡೀಲರ್‌ಷಿಪ್ಪಿಗೇ ಕೊಟ್ಟು 780 ಪೌಂಡ್ ತೆತ್ತಿದ್ದೀರಿ. ವಾರ ಕಳೆಯುವುದರೊಳಗೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಸೋರಿ ಎಂಜಿನ್ ಕಾದು, ಮೋಟಾರ್‌ವೇ ಬದಿಯಲ್ಲಿ ನಿಂತ ಕಾರನ್ನು ಎಳೆಸಿಕೊಂಡು ಅದೇ ಡೀಲರ್‌ಷಿಪ್ಪಿಗೆ ಮುಟ್ಟಿಸಿದ್ದೀರಿ. ಅವರೋ, ಹಳೆಯ ಹೋಸ್ ಪೈಪು ಬಿರುಕು ಬಿಟ್ಟಿದೆ, ಅದಕ್ಕೂ ತಮ್ಮ ಕೆಲಸಕ್ಕೂ ಸಂಬಂಧವಿಲ್ಲ, ಇನ್ನೂ 640 ಪೌಂಡ್ ಆಗುತ್ತದೆ ಎನ್ನುತ್ತಿದ್ದಾರೆ. ಪರಿಹಾರ ಕೇಳುವುದು ಹೇಗೆ, ಮಾನಸಿಕ ಯಾತನೆಗೆ ಎಷ್ಟು ಕೇಳಬಹುದು, ಕೋರ್ಟಿಗೆ ಹೋದರೆ ವೀಸಾಕ್ಕೆ ತೊಂದರೆಯಾದೀತೇ ಎಂದು ಕೇಳಿದ್ದೀರಿ. ಮೊನ್ನೆ ವಿಜಯನಗರದಲ್ಲಿ ಸಿಕ್ಕ ನಿಮ್ಮ ತಂದೆಯವರು, ಪರಿಚಯದ ವಕೀಲರಿಂದ ಒಂದು ಲೀಗಲ್ ನೋಟಿಸ್ ಕೊಡಿಸಿಬಿಡೋಣವೇ ಎಂದರು. ವ್ಯವಹಾರವೆಲ್ಲ ಇಂಗ್ಲೆಂಡಿನಲ್ಲಿ ನಡೆದಿರುವುದರಿಂದ ಬೆಂಗಳೂರಿನ ನೋಟಿಸಿನಿಂದ ಅಂಚೆ ಇಲಾಖೆಗಷ್ಟೇ ಲಾಭ ಎಂದು ಅವರಿಗೆ ಹೇಳಿದ್ದೇನೆ. ನೀವೂ ಒಮ್ಮೆ ಹೇಳಿಬಿಡಿ.

ಇಲ್ಲಿ ಇಂಥ ಜಗಳ ಹೇಗೆ ನಡೆಯುತ್ತದೆಂಬುದು ನಿಮಗೂ ಗೊತ್ತು. ಸರ್ವಿಸ್ ಅಡ್ವೈಸರ್ ಮೇಜಿನ ಮುಂದೆ ನಿಂತು ದನಿ ಎತ್ತರಿಸುವುದು, ಮ್ಯಾನೇಜರನ್ನು ಕರೆಸುವುದು, ಯಾರಿಂದಲಾದರೂ ಒಂದು ಮಾತು ಹೇಳಿಸುವುದು, ಅದಕ್ಕೂ ಬಗ್ಗದಿದ್ದರೆ ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲಿರುವ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತುವುದು. ದನಿ ಎತ್ತರಿಸಿದ್ದಕ್ಕೆ ಇಲ್ಲಿ ಕೆಲವೊಮ್ಮೆ ಫಲವೂ ಸಿಗುತ್ತದೆ. ಅಲ್ಲಿ ಹಾಗೆ ಮಾಡಿದರೆ, ಸಿಬ್ಬಂದಿಯ ಜೊತೆ ಅಸಭ್ಯವಾಗಿ ವರ್ತಿಸಿದಿರಿ ಎಂಬ ನೆಪ ಅವರಿಗೆ ಸಿಕ್ಕಿ ಮೂಲ ದೂರು ಮೂಲೆಗೆ ಸರಿಯುತ್ತದೆ. ನೀವು ಮನಸ್ಸಿನಲ್ಲಿಡಬೇಕಾದದ್ದು ಇಷ್ಟೇ: ತಪ್ಪನ್ನು ಸರಿಪಡಿಸಲು ಅವರಿಗೆ ಒಂದು ಅವಕಾಶ ಕೊಟ್ಟಿದ್ದೇನೆ, ಅವರು ಅದನ್ನು ಬಳಸಿಕೊಳ್ಳಲಿಲ್ಲ, ಆದ್ದರಿಂದ ನನಗಾದ ನಷ್ಟ ಇಷ್ಟು ಎಂಬ ಮೂರನ್ನೂ ಬರಹದಲ್ಲಿ ತೋರಿಸಬಲ್ಲವನ ಕೈಗೆ ಹಣ ಬರುತ್ತದೆ.

ಕಾನೂನು ನಿಮ್ಮ ಪರವಾಗಿಯೇ ಇದೆ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ 49ನೆಯ ಸೆಕ್ಷನ್ನಿನ ಪ್ರಕಾರ, ಹಣ ಪಡೆದು ಮಾಡುವ ಯಾವುದೇ ಸೇವೆಯನ್ನು ಯುಕ್ತವಾದ ಎಚ್ಚರಿಕೆ ಮತ್ತು ಕೌಶಲದಿಂದ ಮಾಡಲೇಬೇಕು. ಹಾಗೆ ಮಾಡದಿದ್ದರೆ, 55ನೆಯ ಸೆಕ್ಷನ್ನಿನಂತೆ ಅದೇ ಕೆಲಸವನ್ನು ತಮ್ಮ ಖರ್ಚಿನಲ್ಲಿ, ಯುಕ್ತ ಅವಧಿಯೊಳಗೆ, ನಿಮಗೆ ಹೆಚ್ಚಿನ ತೊಂದರೆಯಾಗದಂತೆ ಮತ್ತೆ ಮಾಡಿಕೊಡಬೇಕು; ಅದು ಆಗದಿದ್ದಾಗ 56ನೆಯ ಸೆಕ್ಷನ್ನಿನಂತೆ ಬೆಲೆ ಇಳಿಸಬೇಕು, ಸಂದರ್ಭಕ್ಕೆ ತಕ್ಕಂತೆ ಪೂರ್ತಿ ಹಣವನ್ನೂ ಹಿಂದಿರುಗಿಸಬೇಕಾಗಬಹುದು. ಇದರ ಜೊತೆಗೆ ಕಾರನ್ನು ಎಳೆಸಿದ ಖರ್ಚು, ಅಗತ್ಯವಿದ್ದು ಬಾಡಿಗೆ ಕಾರು ಪಡೆದಿದ್ದರೆ ಅದರ ಖರ್ಚು, ಇಂಥ ನೇರ ನಷ್ಟಗಳನ್ನೂ ಕೇಳಬಹುದು. ಆದರೆ ಸೇವೆಯಲ್ಲಿ ಲೋಪವಾಗಿದೆ ಎಂದು ರುಜುವಾತುಪಡಿಸುವ ಹೊಣೆ ನಿಮ್ಮದೇ, ಮತ್ತು ಜನ ಸೋಲುವುದು ಬಹುಪಾಲು ಇಲ್ಲಿಯೇ.

ಅದಕ್ಕಾಗಿಯೇ ನೀವು ಕಳಿಸಿದ ಚಿತ್ರಗಳನ್ನು ಮತ್ತೆ ಮತ್ತೆ ದೊಡ್ಡದು ಮಾಡಿ ನೋಡಿದೆ. ಕೂಲೆಂಟ್ ಒಣಗಿದಾಗ ಸೋರಿದ ಜಾಗದಲ್ಲಿ ಅದರ ಬಣ್ಣದ ಪೊರೆ ಕಟ್ಟುತ್ತದೆ. ನಿಮ್ಮ ಚಿತ್ರದಲ್ಲಿ ಆ ಗುಲಾಬಿ ಕಲೆ ಹೊಸ ಪಂಪು ಎಂಜಿನ್ನಿಗೆ ಕೂಡುವ ಅಂಚಿನ ಕೆಳಗೆ ಆರಂಭವಾಗಿ ಕೆಳಮುಖವಾಗಿ ಇಳಿದಿದೆ. ಅವರು ದೂರುತ್ತಿರುವ ಹೋಸ್ ಪೈಪಿನ ಸುತ್ತ ನನಗೆ ಕಂಡಂತೆ ಒಂದು ಹನಿಯೂ ಇಲ್ಲ. ಹಾಗೆಂದ ಮಾತ್ರಕ್ಕೆ ನಾನಾಗಲಿ ನೀವಾಗಲಿ ತೀರ್ಪು ಕೊಡುವಂತಿಲ್ಲ, ಏಕೆಂದರೆ ನಾವಿಬ್ಬರೂ ಮೆಕ್ಯಾನಿಕ್‌ಗಳಲ್ಲ. ಡೀಲರ್‌ಷಿಪ್ಪಿಗೆ ಸಂಬಂಧವಿಲ್ಲದ ಗ್ಯಾರೇಜಿನಿಂದಲೋ, ಎಎ ಅಥವಾ ಆರ್‌ಎಸಿಯಂಥ ವಾಹನ ನೆರವಿನ ಸಂಸ್ಥೆಯ ಪರೀಕ್ಷಕರಿಂದಲೋ ಕೂಲಿಂಗ್ ವ್ಯವಸ್ಥೆಗೆ ಪ್ರೆಷರ್ ಟೆಸ್ಟ್ ಮಾಡಿಸಿ, ಸೋರಿಕೆ ಎಲ್ಲಿಂದ, ಯಾವ ಕಾರಣದಿಂದ ಎಂಬುದನ್ನು ಸಹಿಯೊಡನೆ ಬರೆಸಿಕೊಳ್ಳಿ. ಒಂದೇ ಪುಟವಿದ್ದರೂ ಸಾಕು. "ಕೆಲಸ ಸರಿಯಿಲ್ಲ" ಎಂಬ ಸಾಮಾನ್ಯ ಮಾತಿಗಿಂತ "ಪಂಪಿನ ಗ್ಯಾಸ್ಕೆಟ್ (ಸೋರದಂತೆ ನಡುವೆ ಕೂರಿಸುವ ಪಟ್ಟಿ) ಸರಿಯಾಗಿ ಕೂತಿಲ್ಲ" ಎಂಬ ಒಂದು ವಾಕ್ಯಕ್ಕೆ ಹತ್ತು ಪಟ್ಟು ತೂಕ.

ಇನ್ನೊಂದು ಆಧಾರ ಅವರ ಬಳಿಯೇ ಇರಬಹುದು. ಅಲ್ಲಿನ ಅನೇಕ ಡೀಲರ್‌ಷಿಪ್‌ಗಳು ಕಾರನ್ನು ಲಿಫ್ಟಿನ ಮೇಲೇರಿಸಿದಾಗ ಟೆಕ್ನಿಷಿಯನ್ನಿನ ಕೈಯಲ್ಲಿ ಒಂದು ವಿಡಿಯೊ ತೆಗೆಸಿ, ಪ್ರತಿ ಭಾಗಕ್ಕೂ ಹಸಿರು, ಹಳದಿ ಅಥವಾ ಕೆಂಪು ಗುರುತು ಹಾಕಿ ಗ್ರಾಹಕರ ಫೋನಿಗೆ ಕಳಿಸುತ್ತವೆ. ಹೆಚ್ಚುವರಿ ಕೆಲಸ ಮಾರುವುದಕ್ಕೆಂದೇ ಹುಟ್ಟಿದ ಪದ್ಧತಿಯಿದು, ಆದರೆ ನಿಮ್ಮಂಥವರಿಗೆ ಅದೇ ಸಾಕ್ಷಿ. ಮೊದಲ ಸಲದ ವಿಡಿಯೊದಲ್ಲಿ ಹೋಸ್ ಪೈಪುಗಳಿಗೆ ಹಸಿರು ಗುರುತು ಬಿದ್ದಿದ್ದರೆ, ವಾರದೊಳಗೆ ಅದೇ ಪೈಪು ಹಳತಾಗಿ ಬಿರುಕು ಬಿಟ್ಟಿತೆಂಬ ವಾದ ನಿಲ್ಲುವುದು ಕಷ್ಟ. ಆ ಕೊಂಡಿಯನ್ನು ಕೂಡಲೇ ತೆರೆದು ವಿಡಿಯೊವನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಎರಡೂ ಸಲದ ಜಾಬ್ ಕಾರ್ಡಿನ ಪ್ರತಿ ಕೇಳಿ, ಬದಲಾಯಿಸಿದ ಹಳೆಯ ಭಾಗಗಳು ಇನ್ನೂ ಇದ್ದರೆ ಎಸೆಯಬಾರದೆಂದು ಮಿಂಚಂಚೆಯಲ್ಲಿ ತಿಳಿಸಿ. ಫೋನಿನಲ್ಲಿ ಆಡಿದ ಪ್ರತಿ ಮಾತಿನ ಬೆನ್ನಿಗೇ "ಈಗ ನೀವು ಹೇಳಿದ್ದು ಹೀಗೆ ಎಂದು ನನ್ನ ತಿಳಿವಳಿಕೆ" ಎಂದು ಎರಡು ಸಾಲಿನ ಮಿಂಚಂಚೆ ಹೋಗಲಿ. ಆಯಿಲ್ ಬದಲಾಯಿಸುವಾಗ ಸಂಪಿನ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಯ) ಬೋಲ್ಟನ್ನು ಓರೆಯಾಗಿ ತಿರುಗಿಸಿ ನನ್ನ ಕಾರಿನ ಸಂಪನ್ನೇ ಕೆಡಿಸಿದ್ದ ಒಂದು ಡೀಲರ್‌ಷಿಪ್ಪು ಕೊನೆಗೆ ಹೊಸ ಸಂಪು ಹಾಕಿಕೊಟ್ಟದ್ದು ಇಂಥ ಮಿಂಚಂಚೆಗಳ ಸರಮಾಲೆಯಿಂದಲೇ. ಮನೆಯ ಮುಂದೆ ಬಿದ್ದ ಎಣ್ಣೆಯ ಕಲೆಯನ್ನು ತೋರಿಸಿದಾಗ ಅವರು ನಕ್ಕು ಸುಮ್ಮನಾಗಿದ್ದರು.

ಅಷ್ಟರವರೆಗೆ ಆ ಕಾರನ್ನು ಓಡಿಸಬೇಡಿ. ಕಾದ ಎಂಜಿನ್ನನ್ನು ಮತ್ತೆ ಓಡಿಸಿ ಹೆಡ್ ಗ್ಯಾಸ್ಕೆಟ್ ಹೋದರೆ, ನಷ್ಟವನ್ನು ಬೆಳೆಸಿದವರು ನೀವೇ ಎಂದು ಅವರು ಹೇಳುವರು, ಕಾನೂನೂ ಆ ಮಾತಿಗೆ ಕಿವಿಗೊಡುತ್ತದೆ. ನಿಮ್ಮ ಒಪ್ಪಿಗೆಯಿಲ್ಲದೆ ಎರಡನೆಯ ಕೆಲಸ ಆರಂಭಿಸಬಾರದೆಂದು ಈಗಲೇ ಬರೆದು ತಿಳಿಸಿ. ಕಾರು ಬಿಡಿಸಿಕೊಳ್ಳಲು ಹಣ ಕಟ್ಟಲೇಬೇಕಾಗಿ ಬಂದರೆ, ಆಕ್ಷೇಪಣೆಯೊಂದಿಗೆ ಪಾವತಿಸುತ್ತಿದ್ದೇನೆ ಎಂದು ಬಿಲ್ಲಿನ ಮೇಲೆಯೇ ಬರೆದು ಅದರ ಚಿತ್ರ ತೆಗೆದಿಟ್ಟುಕೊಳ್ಳಿ.

ಇನ್ನು ದೂರಿನ ಪತ್ರ. ಬಾಗಿಲ ಮೇಲಿನ ಬ್ರ್ಯಾಂಡಿನ ಹೆಸರಿಗೆ ಬರೆದು ಪ್ರಯೋಜನವಿಲ್ಲ, ಏಕೆಂದರೆ ನಿಮ್ಮ ಒಪ್ಪಂದ ಇರುವುದು ಆ ಡೀಲರ್‌ಷಿಪ್ಪನ್ನು ನಡೆಸುವ ಲಿಮಿಟೆಡ್ ಕಂಪನಿಯ ಜೊತೆ. ಬಿಲ್ಲಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ ಅದರ ಹೆಸರೂ ನೋಂದಣಿ ಸಂಖ್ಯೆಯೂ ಇರುತ್ತವೆ, ಕಂಪನಿಗಳನ್ನು ನೋಂದಾಯಿಸುವ ಸರ್ಕಾರಿ ಕಚೇರಿಯಾದ ಕಂಪನೀಸ್ ಹೌಸ್‌ನ ತಾಣದಲ್ಲಿ ನೋಂದಾಯಿತ ವಿಳಾಸ ಉಚಿತವಾಗಿ ಸಿಗುತ್ತದೆ. ಏನಾಯಿತು, ಪರೀಕ್ಷಕರ ವರದಿ ಏನೆನ್ನುತ್ತದೆ, ಯಾವ ಸೆಕ್ಷನ್ನಿನಡಿ ಏನು ಕೇಳುತ್ತಿದ್ದೀರಿ ಎಂಬುದನ್ನು ಬರೆದು ಉತ್ತರಕ್ಕೆ 14 ದಿನ ಕೊಡಿ. ಪ್ರತಿಯನ್ನು ಕಾರು ತಯಾರಕರ ಗ್ರಾಹಕ ವಿಭಾಗಕ್ಕೂ ಕಳಿಸಿ. ಅವರಿಗೆ ಕಾನೂನಿನ ಹೊಣೆಯಿಲ್ಲದಿದ್ದರೂ ಅವರ ಒಂದು ಫೋನ್ ಕರೆಗೆ ಡೀಲರುಗಳು ಎದ್ದು ಕೂರುವುದುಂಟು. ಸೌಹಾರ್ದಕ್ಕಾಗಿ ಎಂದು ಸಣ್ಣ ಮೊತ್ತ ಮುಂದಿಟ್ಟು ಸಹಿ ಕೇಳಿದರೆ, ಮುಂದಿನ ಎಲ್ಲ ಹಕ್ಕನ್ನೂ ಬಿಟ್ಟುಕೊಟ್ಟಂತೆ ಆ ಕಾಗದದಲ್ಲಿ ಬರೆದಿದೆಯೇ ಎಂದು ನೋಡಿಯೇ ಸಹಿ ಹಾಕಿ.

ನೀವು ಯಾವ ಕಾರ್ಡಿನಿಂದ ಹಣ ಕೊಟ್ಟಿರಿ ಎಂದು ಬರೆದಿಲ್ಲ. ಕ್ರೆಡಿಟ್ ಕಾರ್ಡಾಗಿದ್ದರೆ 1974ರ ಗ್ರಾಹಕ ಸಾಲ ಕಾಯ್ದೆಯ 75ನೆಯ ಸೆಕ್ಷನ್ನಿನಂತೆ, 100 ಪೌಂಡಿಗಿಂತ ಹೆಚ್ಚಿನ, 30,000 ಪೌಂಡನ್ನು ಮೀರದ ವ್ಯವಹಾರಕ್ಕೆ ಕಾರ್ಡಿನ ಕಂಪನಿಯೂ ಡೀಲರಿನಷ್ಟೇ ಹೊಣೆಗಾರ. ಡೆಬಿಟ್ ಕಾರ್ಡಿಗೆ, ಬ್ಯಾಂಕಿನ ಮೂಲಕ ಹಣ ಹಿಂಪಡೆಯುವ ಚಾರ್ಜ್‌ಬ್ಯಾಕ್ ಎಂಬ ವ್ಯವಸ್ಥೆಯಿದೆಯಾದರೂ ಅದು ಕಾನೂನಿನ ಹಕ್ಕಲ್ಲ, ಅವಧಿಯೂ ಸೀಮಿತ. ಡೀಲರ್‌ಷಿಪ್ಪು, ವಾಹನ ವ್ಯಾಪಾರದ ದೂರುಗಳನ್ನು ಬಗೆಹರಿಸುವ ಮೋಟರ್ ಆಂಬುಡ್ಸ್‌ಮನ್ ಸಂಸ್ಥೆಯ ಸದಸ್ಯನಾಗಿದ್ದರೆ, ದೂರು ಕೊಟ್ಟು 8 ವಾರ ಕಳೆದರೂ ಪರಿಹಾರ ಸಿಗದಾಗ ಅಲ್ಲಿಗೆ ಶುಲ್ಕವಿಲ್ಲದೆ ಹೋಗಬಹುದು. ಅದರ ಅಂತಿಮ ತೀರ್ಮಾನವನ್ನು ನೀವು ಒಪ್ಪಿದರೆ ಡೀಲರ್ ಪಾಲಿಸಬೇಕು; ಒಪ್ಪದಿದ್ದರೆ ಕೋರ್ಟಿನ ದಾರಿ ತೆರೆದೇ ಇರುತ್ತದೆ. ಅಲ್ಲಿ ತಡವಾಗುವುದುಂಟು, ಆದರೂ ಕೋರ್ಟಿಗಿಂತ ಮೊದಲು ಆ ದಾರಿ ಹಿಡಿಯುವುದೇ ಮೇಲು ಎಂದು ನನ್ನ ಅಭಿಪ್ರಾಯ.

ಮಾನಸಿಕ ಯಾತನೆಯ ವಿಚಾರದಲ್ಲಿ ನಿಮಗೆ ನಿರಾಸೆಯಾಗಬಹುದು. ನಮ್ಮ ಗ್ರಾಹಕ ಆಯೋಗಗಳ ಆದೇಶಗಳಲ್ಲಿ ಮೂಲ ಹಣದ ಜೊತೆಗೆ ಮಾನಸಿಕ ಯಾತನೆಗೆಂದು ಇಷ್ಟು, ದಾವೆಯ ಖರ್ಚಿಗೆಂದು ಇಷ್ಟು ಎಂಬ ಸಾಲುಗಳು ಸಾಮಾನ್ಯ. ಇಂಗ್ಲೆಂಡಿನ ಕೋರ್ಟುಗಳು ಕಾರು ರಿಪೇರಿಯಂಥ ಒಪ್ಪಂದ ಮುರಿದಾಗ ಬೇಸರಕ್ಕೂ ಅವಮಾನಕ್ಕೂ ಸಾಮಾನ್ಯವಾಗಿ ಹಣ ಕೊಡಿಸುವುದಿಲ್ಲ. ಎರಡು ಸಾವಿರ ಪೌಂಡ್ ಯಾತನೆಗೆಂದು ಸೇರಿಸಿದರೆ ರಸೀದಿಯಿರುವ ನಿಮ್ಮ ಉಳಿದ ಲೆಕ್ಕದ ಮೇಲೂ ಅನುಮಾನ ಹುಟ್ಟುತ್ತದೆ. ಅದನ್ನು ಕೈಬಿಡಿ.

ಕೋರ್ಟಿಗೇ ಹೋಗಬೇಕಾದರೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 10,000 ಪೌಂಡಿನವರೆಗಿನ ಇಂಥ ದಾವೆಗಳು ಸ್ಮಾಲ್ ಕ್ಲೇಮ್ಸ್ ವಿಭಾಗದಲ್ಲಿ ನಡೆಯುತ್ತವೆ. ಅರ್ಜಿಯನ್ನು ಆನ್‌ಲೈನಿನಲ್ಲೇ ಹಾಕಬಹುದು, ವಕೀಲರು ಬೇಕಿಲ್ಲ. ಅರ್ಜಿಗೊಂದು, ವಿಚಾರಣೆಗೆ ಇನ್ನೊಂದು ಶುಲ್ಕವಿದ್ದು, ಗೆದ್ದರೆ ಅವನ್ನು ಎದುರಾಳಿಯಿಂದ ಕೊಡಿಸುತ್ತಾರೆ. ಸೋತರೂ, ನೀವು ಅನುಚಿತವಾಗಿ ನಡೆದುಕೊಳ್ಳದಿದ್ದರೆ, ಅವರ ವಕೀಲರ ಶುಲ್ಕ ಸಾಮಾನ್ಯವಾಗಿ ನಿಮ್ಮ ತಲೆಗೆ ಬರುವುದಿಲ್ಲ. 2024ರ ಮೇ ತಿಂಗಳಿನಿಂದ ಇಂಥ ಹಣದ ದಾವೆಗಳಿಗೆ ಮೊದಲು ಫೋನಿನ ಮೂಲಕ ಒಂದು ಉಚಿತ ಸಂಧಾನ ಕಡ್ಡಾಯ; ಕೈಯಲ್ಲಿ ಪರೀಕ್ಷಕರ ವರದಿ ಇದ್ದರೆ ಅಲ್ಲಿಯೇ ಮುಗಿದರೂ ಮುಗಿಯಬಹುದು. ವೀಸಾದ ಭಯ ಬೇಡ. ನೀವು ಹಣ ಕೇಳಿ ಹಾಕುವ ಸಿವಿಲ್ ಅರ್ಜಿ ಅಪರಾಧದ ದಾಖಲೆಯಾಗುವುದಿಲ್ಲ, ಅದಕ್ಕೂ ವಲಸೆ ಇಲಾಖೆಗೂ ಸಂಬಂಧವಿಲ್ಲ. ಹೊಸಬರು ಹೆದರಿ ಸುಮ್ಮನಿರುತ್ತಾರೆಂದು ಕೆಲವು ಕೌಂಟರುಗಳಿಗೆ ಚೆನ್ನಾಗಿ ಗೊತ್ತು.

ಕೊನೆಯದಾಗಿ, ಅದೇ ಡೀಲರ್‌ಷಿಪ್ಪಿಗೆ ಮತ್ತೆ ಕೆಲಸ ಕೊಡಲು ಮನಸ್ಸಿಲ್ಲ ಎಂದಿದ್ದೀರಿ. ಮನಸ್ಸಿಲ್ಲದಿರುವುದು ಸಹಜ, ಆದರೆ ಅವರು ಸ್ವಂತ ಖರ್ಚಿನಲ್ಲಿ ಮಾಡಿಕೊಡಲು ಒಪ್ಪಿದರೆ ಒಮ್ಮೆ ಅವಕಾಶ ಕೊಡಿ. ಕಾರಣವಿಲ್ಲದೆ ನಿರಾಕರಿಸಿ ಬೇರೆ ಕಡೆ ರಿಪೇರಿ ಮಾಡಿಸಿದರೆ ಆ ಬಿಲ್ಲನ್ನು ಪೂರ್ತಿಯಾಗಿ ವಸೂಲು ಮಾಡುವುದು ಕಷ್ಟ. ಅವರು ಒಪ್ಪದಿದ್ದರೆ ಮಾತ್ರ ಬೇರೆ ಗ್ಯಾರೇಜುಗಳಿಂದ ಎರಡು ಎಸ್ಟಿಮೇಟ್ ತೆಗೆದುಕೊಂಡು, ಅವನ್ನು ಪತ್ರದ ಜೊತೆ ಲಗತ್ತಿಸಿ. ಕರಡು ಸಿದ್ಧವಾದಾಗ ನನಗೆ ಕಳಿಸಿದರೆ ಓದಿ ತಿದ್ದಿಕೊಡುತ್ತೇನೆ.