ಹೈಫಾ, ಮೊಸುಲ್ ಮತ್ತು ಇರಾಕಿಗೆ ಸಿಗದ ಶೇಕಡಾ 20

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಮೈಸೂರು ಲ್ಯಾನ್ಸರ್ಸ್ ಹೈಫಾ (ಈಗಿನ ಇಸ್ರೇಲಿನ ಬಂದರು) ಗೆದ್ದ ಬಗ್ಗೆ ಬರೆದಿದ್ದೀರಿ. ಅದೇ ಹೈಫಾಕ್ಕೆ ಇರಾಕಿನಿಂದ ತೈಲದ ಪೈಪ್‌ಲೈನ್ ಬಂದಿತ್ತಲ್ಲ? ನಮ್ಮವರು ಪ್ರಾಣ ಕೊಟ್ಟಿದ್ದು ಬ್ರಿಟಿಷ್ ತೈಲ ಕಂಪನಿಗಳಿಗೋಸ್ಕರ ಅಂತ ನೇರವಾಗಿ ಬರೆಯಬಹುದಿತ್ತು. ಇನ್ನೊಂದು ಮಾತು. ತೈಲದ ವಿಚಾರ ಬಂದಾಗಲೆಲ್ಲ ನೀವು ಲೂಟಿ ಅಂತೀರಿ. ಬೋರ್‌ವೆಲ್ ಕೊರೆಸುವವನು ದುಡ್ಡು ಹಾಕುತ್ತಾನೆ, ನೀರು ಬರದಿದ್ದರೆ ನಷ್ಟ ಅವನದೇ. ನೀರು ಬಂದ ಮೇಲೆ ಲಾಭವೂ ಅವನದೇ ಆದರೆ ತಪ್ಪೇನು? ಇರಾಕಿನವರ ಹತ್ತಿರ ದುಡ್ಡೂ ಇರಲಿಲ್ಲ, ಯಂತ್ರವೂ ಇರಲಿಲ್ಲ.
(ಹಾಸನದಿಂದ ಒಬ್ಬ ಓದುಗರು)

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಎರಡನೆಯದು ಜಾಸ್ತಿ ಜಾಗ ಕೇಳುತ್ತದೆ, ಕೊಡುತ್ತೇನೆ. ಯಾಕೆಂದರೆ ಅದು ತುಂಬ ಜನ ಕೇಳುವ ಪ್ರಶ್ನೆ, ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರಿನ ಕುದುರೆ ಸವಾರರು ತುರ್ಕರಿಂದ ಹೈಫಾ ಹಿಡಿದಾಗ ಅಲ್ಲಿ ತೈಲದ ಲೆಕ್ಕಾಚಾರ ಇರಲಿಲ್ಲ. ಉತ್ತರಕ್ಕೆ ನುಗ್ಗುತ್ತಿದ್ದ ಬ್ರಿಟಿಷ್ ಸೇನಾಪತಿ ಅಲೆನ್‌ಬಿಯ ಸೈನ್ಯಕ್ಕೆ ದಿನಸಿ, ಮದ್ದುಗುಂಡು ಇಳಿಸಲು ಒಂದು ಬಂದರು ಬೇಕಿತ್ತು, ರೈಲು ದಾರಿ ಬೇಕಿತ್ತು. ಹೈಫಾದಲ್ಲಿ ಎರಡೂ ಇದ್ದವು. ಪೈಪ್‌ಲೈನ್ ಮುಗಿದದ್ದು 1934ರಲ್ಲಿ, ಅಂದರೆ 16 ವರ್ಷ ಆದ ಮೇಲೆ. ಆಮೇಲೆ ಆದದ್ದನ್ನು ತಂದು ಮೊದಲಿನದಕ್ಕೆ ಕಾರಣ ಅಂತ ಕಟ್ಟಿದರೆ ಕಾರ್ಮೆಲ್ ಬೆಟ್ಟದ ಫಿರಂಗಿಗಳಿಗೆ ಎದುರಾಗಿ ಹತ್ತಿದ ಮೈಸೂರಿನ ಸವಾರರಿಗೂ ನ್ಯಾಯ ಆಗುವುದಿಲ್ಲ, ಇತಿಹಾಸಕ್ಕೂ ಆಗುವುದಿಲ್ಲ.

ಈಗ ಇರಾಕಿನಲ್ಲಿರುವ, ಆಗ ತುರ್ಕರ ಆಟೊಮನ್ ಸಾಮ್ರಾಜ್ಯದಲ್ಲಿದ್ದ ಬಾಸ್ರಾ ಮತ್ತು ಮೊಸುಲ್ ವಿಷಯ ಬೇರೆ. ಅಲ್ಲಿ ತೈಲ ಇತ್ತು, ಭಾರತದ ಸೈನಿಕರೂ ಇದ್ದರು. 1914ರಲ್ಲಿ ಬ್ರಿಟಿಷ್ ಸರ್ಕಾರ ಆಂಗ್ಲೋ-ಪರ್ಷಿಯನ್ ತೈಲ ಕಂಪನಿಯ ಅರ್ಧಕ್ಕಿಂತ ಹೆಚ್ಚು ಷೇರು ಕೊಂಡುಕೊಂಡಿತು. ನೌಕಾಪಡೆ ಕಲ್ಲಿದ್ದಲು ಬಿಟ್ಟು ತೈಲಕ್ಕೆ ಬದಲಾಗುತ್ತಿತ್ತು, ಚರ್ಚಿಲ್ ಆಗ ಆ ಖಾತೆಯ ಮಂತ್ರಿ. ಅದೇ ವರ್ಷ ನವೆಂಬರ್‌ನಲ್ಲಿ ಶತ್-ಅಲ್-ಅರಬ್ ನದಿಯ ಬಾಯಲ್ಲಿ ಬಂದಿಳಿದದ್ದು ಭಾರತದಿಂದ ಹೊರಟ ಪಡೆ. ಹತ್ತಿರದ ಆಬಾದಾನ್ ತೈಲ ಶುದ್ಧೀಕರಣ ಘಟಕವನ್ನು ಕಾಯುವುದು ಅದರ ಮೊದಲ ಕೆಲಸಗಳಲ್ಲಿ ಒಂದಾಗಿತ್ತು. ಆ ಸೈನ್ಯ ಸುಮಾರು ನಾಲ್ಕು ವರ್ಷ ಉತ್ತರಕ್ಕೆ ಏರುತ್ತಾ ಹೋಯಿತು. 1918ರ ಅಕ್ಟೋಬರ್ 30ಕ್ಕೆ ತುರ್ಕರ ಜತೆ ಕದನವಿರಾಮದ ಸಹಿ ಬಿತ್ತು. ಮೊಸುಲ್ ಪಟ್ಟಣದೊಳಗೆ ಬ್ರಿಟಿಷ್ ಪಡೆ ಹೋದದ್ದು ಅದರ ನಂತರ. ನೀವು ಕೇಳಿದ ಪ್ರಶ್ನೆಯನ್ನು ಕೇಳಬೇಕಾದ ಜಾಗ ಇದು.

ಈಗ ನಿಮ್ಮ ಬೋರ್‌ವೆಲ್‌ಗೆ ಬರೋಣ. ನೀವು ಹೇಳುವ ಮಾತಿನಲ್ಲಿ ಅರ್ಧ ಸತ್ಯ ಇದೆ, ಒಪ್ಪುತ್ತೇನೆ. ಇರಾಕಿನ ಹತ್ತಿರ ಬಂಡವಾಳ ಇರಲಿಲ್ಲ, ಮರುಭೂಮಿ ದಾಟಿಸಿ ಪೈಪು ಹಾಕುವ ಶಕ್ತಿ ಇರಲಿಲ್ಲ. ಆದರೆ ಇಲ್ಲಿ ಕೊರೆಯುವ ಮೊದಲೇ, ಹೊಲದ ಯಜಮಾನನನ್ನು ಕೇಳದೆ, ಊರಾಚೆ ಕೂತವರು ಬಾವಿಯನ್ನು ಹಂಚಿಕೊಂಡಿದ್ದರು. ಸ್ವಲ್ಪ ಮುಂಚೆ ಅಲ್ಲ, ಮೊದಲ ದೊಡ್ಡ ಬಾವಿ ಚಿಮ್ಮುವುದಕ್ಕೆ 13 ವರ್ಷ ಮುಂಚೆ!

1914ರ ಮಾರ್ಚ್‌ನಲ್ಲಿ ಲಂಡನ್ನಿನ ವಿದೇಶಾಂಗ ಕಚೇರಿಯಲ್ಲಿ ಟರ್ಕಿಷ್ ಪೆಟ್ರೋಲಿಯಂ ಕಂಪನಿಯ ಪಾಲು ನಿಗದಿಯಾಯಿತು. ಅರ್ಧ ಆಂಗ್ಲೋ-ಪರ್ಷಿಯನ್‌ಗೆ, ಕಾಲು ಭಾಗ ಶೆಲ್‌ಗೆ, ಇನ್ನು ಕಾಲು ಜರ್ಮನಿಯ ಡಾಯ್ಚ ಬ್ಯಾಂಕ್‌ಗೆ. ಈ ಕೂಟವನ್ನು ಹೆಣೆದ ಆರ್ಮೇನಿಯನ್ ವ್ಯಾಪಾರಿ ಕಲೂಸ್ತ್ ಗುಲ್ಬೆಂಕಿಯನ್‌ಗೆ ಮೊದಲೆರಡು ಪಾಲಿನಿಂದ ತೆಗೆದು ಶೇಕಡಾ 5. ಕಂಪನಿಯ ಹೆಸರಲ್ಲಿ ಟರ್ಕಿ ಇತ್ತು, ಪಾಲಿನಲ್ಲಿ ಇರಲಿಲ್ಲ. ಜೂನ್ 28ರಂದು ತುರ್ಕಿಯ ಪ್ರಧಾನಿ ಒಂದು ಪತ್ರ ಬರೆದ. ಮೊಸುಲ್ ಮತ್ತು ಬಾಗ್ದಾದ್ ಪ್ರಾಂತ್ಯಗಳ ತೈಲವನ್ನು ಈ ಕಂಪನಿಗೆ ಗುತ್ತಿಗೆ ಕೊಡಲು ಒಪ್ಪಿಗೆ, ಷರತ್ತು ಆಮೇಲೆ ತೀರ್ಮಾನಿಸೋಣ ಅಂತ. ಅದೇ ದಿನ ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆಯಾಯಿತು. ಯುದ್ಧ ಬಂತು, ಷರತ್ತು ಬರೆಯಲೇ ಇಲ್ಲ. ಹಣದ ಮೊತ್ತ ಇಲ್ಲ, ಅವಧಿ ಇಲ್ಲ, ಬರೀ ಒಂದು ಭರವಸೆಯ ಕಾಗದ. ಮುಂದಿನ ಹದಿನೈದು ವರ್ಷ ದೊಡ್ಡ ದೊಡ್ಡ ಸರ್ಕಾರಗಳು ಜಗಳ ಆಡಿದ್ದು ಈ ಕಾಗದ ಹಿಡಿದುಕೊಂಡು.

ಯುದ್ಧದಲ್ಲಿ ಜರ್ಮನಿಯ ಪಾಲನ್ನು ಬ್ರಿಟನ್ ಜಪ್ತಿ ಮಾಡಿತು. ಬ್ರಿಟನ್, ಫ್ರಾನ್ಸ್ ಮಾಡಿಕೊಂಡಿದ್ದ 1916ರ ಗುಟ್ಟಿನ ಒಪ್ಪಂದದ ಪ್ರಕಾರ ಮೊಸುಲ್ ಫ್ರಾನ್ಸ್ ಕಡೆಗೆ ಬರಬೇಕಿತ್ತು. 1918ರ ಡಿಸೆಂಬರ್‌ನಲ್ಲಿ ಫ್ರಾನ್ಸ್ ಪ್ರಧಾನಿ ಕ್ಲೆಮಾನ್ಸೋ ಲಂಡನ್ನಿಗೆ ಬಂದಾಗ ಬ್ರಿಟನ್ನಿನ ಪ್ರಧಾನಿ ಲಾಯ್ಡ್ ಜಾರ್ಜ್ ಮೊಸುಲ್ ಬೇಕು ಅಂದ, ಆತ ಬಿಟ್ಟುಕೊಟ್ಟ. ಬಾಯಿಮಾತಿನಲ್ಲೇ ಮುಗಿಯಿತು. ಒಂದು ಇಡೀ ಪ್ರಾಂತ್ಯ, ಅದರಲ್ಲಿ ಕುರ್ದರು, ಅರಬರು, ತುರ್ಕ್‌ಮೆನ್‌ಗಳು, ಕ್ರೈಸ್ತರು, ಯಜೀದಿಗಳು, ಯಾರನ್ನೂ ಕೇಳಿದ್ದಿಲ್ಲ. ಇದಕ್ಕೆ ಬದಲಾಗಿ 1920ರ ಏಪ್ರಿಲ್‌ನಲ್ಲಿ ಇಟಲಿಯ ಸಾನ್ ರೆಮೊದಲ್ಲಿ ಜರ್ಮನಿಯ ಕಾಲು ಭಾಗ ಫ್ರಾನ್ಸ್‌ಗೆ ಹೋಯಿತು.

ಅದೇ ಸಾನ್ ರೆಮೊ ಒಪ್ಪಂದದಲ್ಲಿ ಇನ್ನೊಂದು ಸಾಲು ಇದೆ, ಅದನ್ನು ನೀವು ಗಮನಿಸಬೇಕು. ತೈಲ ತೆಗೆಯುವುದು ಖಾಸಗಿ ಕಂಪನಿಯಾದರೆ ಸ್ಥಳೀಯ ಸರ್ಕಾರವಾಗಲಿ ಸ್ಥಳೀಯ ಜನರಾಗಲಿ ಬಯಸಿದಲ್ಲಿ ಅದರ ಬಂಡವಾಳದಲ್ಲಿ ಶೇಕಡಾ 20ರವರೆಗೆ ಪಾಲು ಕೊಡಬೇಕು. ಇದನ್ನು ಇರಾಕಿನ ಹೋರಾಟಗಾರರು ಬರೆಸಿದ್ದಲ್ಲ, ಹಂಚಿಕೊಂಡವರೇ ಬರೆದುಕೊಂಡದ್ದು. ನನ್ನ ವಾದ ಪೂರ್ತಿ ಈ ಸಾಲಿನ ಮೇಲೆ ನಿಂತಿದೆ. ನ್ಯಾಯ ಏನು ಅಂತ ಅವರಿಗೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ.

ಅಷ್ಟರಲ್ಲಿ ಅಮೆರಿಕ ಎದ್ದು ಕೂತಿತು. ಯುದ್ಧದಲ್ಲಿ ನಾವೂ ದುಡಿದಿದ್ದೇವೆ, ಗೆದ್ದ ನೆಲದ ಬಾಗಿಲು ಎಲ್ಲರಿಗೂ ತೆರೆದಿರಬೇಕು ಅಂತ ಪತ್ರದ ಮೇಲೆ ಪತ್ರ. ಉತ್ತರ ಬರೆದದ್ದು ಲಾರ್ಡ್ ಕರ್ಜನ್, ಬಂಗಾಳ ಒಡೆದ ನಮ್ಮ ಹಳೆಯ ವೈಸರಾಯ್, ಆಗ ಬ್ರಿಟನ್ನಿನ ವಿದೇಶಾಂಗ ಮಂತ್ರಿ. ಜಗತ್ತಿನ ತೈಲದಲ್ಲಿ ಮೂರನೇ ಎರಡು ಪಾಲು ನಿಮ್ಮ ನೆಲದಲ್ಲೇ ಬರುತ್ತಿರುವಾಗ ನಿಮ್ಮದೇನು ದೂರು ಅನ್ನುವುದು ಅವನ ಧಾಟಿ. ಕೊನೆಗೆ ಬ್ರಿಟನ್ ಮಣಿಯಿತು, ಅಮೆರಿಕದ ಕಂಪನಿಗಳಿಗೂ ಪಾಲು ಕೊಡಲು ಮಾತುಕತೆ ಶುರುವಾಯಿತು. ಅಮೆರಿಕಕ್ಕೆ ಜಾಗ ಮಾಡಲು ಎಲ್ಲರೂ ಸರಿದು ಕೂತರು. ಇರಾಕಿಗೆ ಮಾತ್ರ ಯಾರೂ ಸರಿಯಲಿಲ್ಲ.

1925ರ ಮಾರ್ಚ್ 14ರಂದು ಬಾಗ್ದಾದ್‌ನಲ್ಲಿ ಕಂಪನಿ ಮತ್ತು ಬ್ರಿಟನ್ನಿನ ಹಿಡಿತದಲ್ಲಿದ್ದ ಇರಾಕ್ ಸರ್ಕಾರದ ನಡುವೆ ಗುತ್ತಿಗೆಗೆ ಸಹಿ ಬಿತ್ತು, 75 ವರ್ಷಕ್ಕೆ. ಸಮಯ ನೋಡಿ. ಮೊಸುಲ್ ಇರಾಕಿಗೆ ಸೇರಬೇಕೋ ತುರ್ಕಿಗೋ ಅನ್ನುವ ವ್ಯಾಜ್ಯ ಲೀಗ್ ಆಫ್ ನೇಷನ್ಸ್ ಮುಂದಿತ್ತು, ಅದರ ಮೂವರ ಆಯೋಗ ಆ ತಿಂಗಳುಗಳಲ್ಲೇ ಪ್ರಾಂತ್ಯ ಸುತ್ತಿ ವಿಚಾರಣೆ ನಡೆಸುತ್ತಿತ್ತು, ಬ್ರಿಟನ್ನಿನ ಬೆಂಬಲ ತಪ್ಪಿದರೆ ಮೊಸುಲ್ ಕೈತಪ್ಪುವುದು ಖಂಡಿತ ಎನ್ನುವ ಭಯದಲ್ಲಿ ಕೂತ ಇರಾಕ್ ಸರ್ಕಾರದ ಮುಂದೆ ಈ ಕರಾರು ಬಂತು. ಇರಾಕಿಗಳು ಶೇಕಡಾ 20 ಕೇಳಿದರು, ಸಿಗಲಿಲ್ಲ. ಇಬ್ಬರು ಮಂತ್ರಿಗಳು ರಾಜೀನಾಮೆ ಕೊಟ್ಟು ಎದ್ದು ಹೋದರು. ಕರಾರಿನಲ್ಲಿ ಏನು ಬರೆದರು ಗೊತ್ತಾ? ಕಂಪನಿ ಯಾವಾಗಲಾದರೂ ಸಾರ್ವಜನಿಕರಿಗೆ ಷೇರು ಮಾರಿದರೆ, ಆ ಷೇರುಗಳಲ್ಲಿ ಶೇಕಡಾ 20ರಷ್ಟಕ್ಕೆ ಇರಾಕಿಗಳಿಗೆ ಆದ್ಯತೆ. ಕಂಪನಿ ಸಾರ್ವಜನಿಕರಿಗೆ ಷೇರು ಮಾರಲೇ ಇಲ್ಲ. ಕೊನೆಯವರೆಗೂ ಅದು ಒಳಗಿನವರದ್ದೇ ಆಗಿ ಉಳಿಯಿತು.

ಇರಾಕಿಗೆ ಬಂದದ್ದು ರಾಯಲ್ಟಿ, ಟನ್ನಿಗೆ 4 ಷಿಲಿಂಗ್ ಚಿನ್ನದ ಲೆಕ್ಕದಲ್ಲಿ. ಚಿನ್ನದ ಲೆಕ್ಕ ಅಂದದ್ದು ಒಳ್ಳೆಯದೇ ಆಯಿತು, 1931ರಲ್ಲಿ ಪೌಂಡ್ ಚಿನ್ನದಿಂದ ಕಳಚಿಕೊಂಡು ಬಿದ್ದಾಗ ಇರಾಕಿಗೆ ಪೆಟ್ಟಾಗಲಿಲ್ಲ. ಆದರೆ ಆ ರಾಯಲ್ಟಿಯಲ್ಲೂ ಶೇಕಡಾ 10 ಪಾಲು 25 ವರ್ಷ ತುರ್ಕಿಗೆ ಅಂತ 1926ರ ಒಪ್ಪಂದದಲ್ಲಿ ಬರೆದರು. ಮೊಸುಲ್ ಬಿಟ್ಟುಕೊಟ್ಟದ್ದಕ್ಕೆ ಬೆಲೆ. ಕೊಟ್ಟದ್ದು ಇರಾಕಿನ ಜೇಬಿನಿಂದ.

ನಷ್ಟದ ಭಯ ಅಂತ ಬರೆದಿದ್ದೀರಲ್ಲ, ಅದನ್ನೂ ನೋಡೋಣ. ಕಿರ್ಕುಕ್ ಪಕ್ಕದ ಬಾಬಾ ಗುರ್ಗುರ್‌ನಲ್ಲಿ ನೆಲದಿಂದ ಅನಿಲ ಸೋರಿ ಶತಮಾನಗಳಿಂದ ಹಗಲೂ ರಾತ್ರಿ ಬೆಂಕಿ ಉರಿಯುತ್ತಿತ್ತು. ತೈಲ ಇದೆ ಅನ್ನುವುದು ಊರಿಗೆಲ್ಲ ಗೊತ್ತಿದ್ದ ವಿಷಯ. 1927ರ ಅಕ್ಟೋಬರ್ ಮಧ್ಯದಲ್ಲಿ, ಬೆಳಗಿನ ಜಾವ ಮೂರು ಗಂಟೆ ಹೊತ್ತಿಗೆ ಅಲ್ಲಿ ಕೊರೆಯುತ್ತಿದ್ದ ಬಾವಿ ಭೋರೆಂದು ಚಿಮ್ಮಿತು. ಕೊರೆಯುವ ಗೋಪುರವನ್ನೂ ಮೀರಿ ಎದ್ದ ಕಪ್ಪು ಧಾರೆ ಕಲ್ಲು ಮಣ್ಣನ್ನೆಲ್ಲ ತೋಯಿಸಿ ಹಳ್ಳ ಹಿಡಿದು ಹರಿಯಿತು, ತಗ್ಗಿನಲ್ಲೆಲ್ಲ ವಿಷದ ಅನಿಲ ತುಂಬಿಕೊಂಡಿತು. ದಿನಕ್ಕೆ ಸುಮಾರು 95,000 ಬ್ಯಾರೆಲ್. ಸುತ್ತಲ ಬುಡಕಟ್ಟುಗಳ ಸುಮಾರು 700 ಜನರನ್ನು ಕರೆತಂದು ಮಣ್ಣಿನ ಕಟ್ಟೆ ಕಟ್ಟಿಸಿದರು, ತೈಲ ಹರಿದುಹೋಗದ ಹಾಗೆ, ಬೆಂಕಿಗೆ ಸಿಗದ ಹಾಗೆ. ಬಾವಿ ಹತೋಟಿಗೆ ಬರಲು ಒಂದು ವಾರಕ್ಕಿಂತ ಹೆಚ್ಚು ಹಿಡಿಯಿತು. ಆ ವಿಷದ ಗಾಳಿಯಲ್ಲಿ ನಿಂತು ಮಣ್ಣು ಹೊತ್ತವರದೂ ಬಂಡವಾಳ ಅಲ್ವಾ?

ಬಾವಿ ಚಿಮ್ಮಿದ್ದೇ ಪಾಲುದಾರರ ಜಗಳ ಬೇಗ ಮುಗಿಯಿತು. 1928ರ ಜುಲೈ 31ರಂದು ಬೆಲ್ಜಿಯಂನ ಒಸ್ಟೆಂಡ್‌ನಲ್ಲಿ ಕೊನೆಯ ಹಂಚಿಕೆ ಆಯಿತು. ಆಂಗ್ಲೋ-ಪರ್ಷಿಯನ್, ಶೆಲ್, ಫ್ರೆಂಚ್ ಕಂಪನಿ, ಅಮೆರಿಕದ ಕೂಟ, ತಲಾ ಶೇಕಡಾ 23.75. ಗುಲ್ಬೆಂಕಿಯನ್‌ಗೆ ಅವನ 5. ನಕ್ಷೆಯ ಮೇಲೆ ಹಳೆಯ ಆಟೊಮನ್ ಸಾಮ್ರಾಜ್ಯದ ಸುತ್ತ ಕೆಂಪು ಗೆರೆ ಎಳೆದು, ಇದರೊಳಗೆ ಯಾರೂ ಒಬ್ಬೊಬ್ಬರೇ ಗುತ್ತಿಗೆ ಹಿಡಿಯಬಾರದು ಅಂತ ಕಟ್ಟು ಹಾಕಿಕೊಂಡರು. ಸೌದಿ, ಬಹರೇನ್ ಗೆರೆಯ ಒಳಗೆ, ಕುವೈತ್ ಹೊರಗೆ. ಬಾಗಿಲು ತೆರೆಯಿರಿ ಅಂತ ಎಂಟು ವರ್ಷ ಕೇಳಿದ ಅಮೆರಿಕದವರು ಒಳಗೆ ಬಂದ ಮೇಲೆ ಬಾಗಿಲು ಮುಚ್ಚುವುದಕ್ಕೆ ಸಹಿ ಹಾಕಿದರು. ನನಗೆ ಈ ಇಡೀ ಕಥೆಯಲ್ಲಿ ಜಾಸ್ತಿ ಸಿಟ್ಟು ಬರುವುದು ಇಲ್ಲಿ.

ಬರೀ ರಾಯಲ್ಟಿ ಸಾಕಿತ್ತಲ್ಲ, ಷೇರು ಯಾಕೆ ಬೇಕಿತ್ತು ಅಂತ ನೀವು ಕೇಳಬಹುದು. ಎರಡು ಕಾರಣ. 1929ರಲ್ಲಿ ಇರಾಕ್ ಪೆಟ್ರೋಲಿಯಂ ಕಂಪನಿ ಅಂತ ಹೆಸರು ಬದಲಿಸಿಕೊಂಡ ಈ ಸಂಸ್ಥೆ ಲಾಭ ಮಾಡುವ ಕಂಪನಿಯೇ ಅಲ್ಲ. ತೈಲ ತೆಗೆದು ಹೆಚ್ಚುಕಡಿಮೆ ಖರ್ಚಿನ ದರಕ್ಕೇ ಪಾಲುದಾರರಿಗೆ ಕೊಡುವುದು, ಲಾಭವನ್ನು ಅವರವರು ತಮ್ಮ ದೇಶದಲ್ಲಿ ಶುದ್ಧ ಮಾಡಿ ಮಾರುವಾಗ ಮಾಡಿಕೊಳ್ಳುವುದು. ಹೀಗಾಗಿ ಪಾಲುದಾರನಾಗದವನಿಗೆ ಲಾಭ ಕಣ್ಣಿಗೂ ಬೀಳುವುದಿಲ್ಲ. ಎರಡನೆಯದು, ಎಷ್ಟು ತೆಗೆಯಬೇಕು, ಯಾವಾಗ ತೆಗೆಯಬೇಕು ಅನ್ನುವ ತೀರ್ಮಾನ ಪಾಲುದಾರರದು. ಟನ್ ಲೆಕ್ಕದಲ್ಲಿ ಹಣ ಸಿಗುವ ಇರಾಕಿಗೆ ಬೇಗ, ಹೆಚ್ಚು ತೆಗೆಯುವುದು ಬೇಕು. ಆಂಗ್ಲೋ-ಪರ್ಷಿಯನ್‌ಗೆ, ಶೆಲ್‌ಗೆ, ಅಮೆರಿಕದವರಿಗೆ ಬೇರೆ ಕಡೆ ಬೇಕಾದಷ್ಟು ತೈಲ ಇತ್ತು, ಮಾರುಕಟ್ಟೆಯಲ್ಲಿ ಬೆಲೆ ಕುಸಿಯುತ್ತಿತ್ತು. ಅವಸರ ಇದ್ದದ್ದು ಫ್ರಾನ್ಸ್‌ಗೆ ಮಾತ್ರ. ಬಾಬಾ ಗುರ್ಗುರ್ ಚಿಮ್ಮಿ ಏಳು ವರ್ಷ ಆದ ಮೇಲೆ ತೈಲ ಸಮುದ್ರ ಕಂಡಿತು. ಪೈಪು ಎಲ್ಲಿಗೆ ಹೋಗಬೇಕು ಅಂತಲೂ ಜಗಳ, ಬ್ರಿಟನ್‌ಗೆ ಹೈಫಾ ಬೇಕು, ಫ್ರಾನ್ಸ್‌ಗೆ ತನ್ನ ಕೈಯಲ್ಲಿದ್ದ ಲೆಬನಾನ್‌ನ ಟ್ರಿಪೋಲಿ. ಕಡೆಗೆ ಎರಡೂ ಹಾಕಿದರು, ಇರಾಕಿನ ಹದೀತಾದಲ್ಲಿ ಕವಲೊಡೆಸಿ. ವರ್ಷಕ್ಕೆ ತಲಾ 20 ಲಕ್ಷ ಟನ್ ಸಾಗಿಸುವ ಪೈಪುಗಳು. ಎರಡನೇ ಮಹಾಯುದ್ಧದವರೆಗೂ ಇರಾಕ್ ಸುಮಾರು 40 ಲಕ್ಷ ಟನ್‌ಗೇ ನಿಂತಿತು. ಅಷ್ಟರಲ್ಲಿ ಪಕ್ಕದ ಇರಾನ್ ಒಂದು ಕೋಟಿ ಟನ್ ಮುಟ್ಟಿತ್ತು, ಅಲ್ಲಿ ಆಂಗ್ಲೋ-ಪರ್ಷಿಯನ್ ಒಂದೇ ಕಂಪನಿ, ಪಾಲುದಾರರ ಎಳೆದಾಟ ಇರಲಿಲ್ಲ.

ಆದ್ದರಿಂದ ಕಂಪನಿ ಕೊರೆದದ್ದಕ್ಕೆ ಲಾಭ ತಗೊಂಡದ್ದನ್ನು ನಾನು ಲೂಟಿ ಅನ್ನುತ್ತಿಲ್ಲ. ಬರೆದುಕೊಟ್ಟ ಐದರಲ್ಲೊಂದು ಪಾಲನ್ನು, ಮೊಸುಲ್ ಕಳೆದುಕೊಳ್ಳುವ ಭಯ ಇದ್ದ ಹೊತ್ತಿನಲ್ಲಿ ಕರಾರಿನಿಂದ ಜಾರಿಸಿದ್ದನ್ನು ಹಾಗೆ ಕರೆಯುತ್ತೇನೆ, ಮುಂದೆಯೂ ಕರೆಯುತ್ತೇನೆ. ಇರಾಕಿಗಳು ಆ ಸಾಲನ್ನು ಮರೆತಿರಲಿಲ್ಲ. 1961ರಲ್ಲಿ ಇರಾಕಿನ ಪ್ರಧಾನಿ ಅಬ್ದುಲ್ ಕರೀಮ್ ಖಾಸಿಮ್ ಸರ್ಕಾರ ಕಂಪನಿಯ ಜತೆ ಮಾತುಕತೆಗೆ ಕೂತಾಗ ಅದೇ ಶೇಕಡಾ 20 ಮತ್ತೆ ಮೇಜಿಗೆ ಬಂತು. ಕಂಪನಿ ಒಪ್ಪಲಿಲ್ಲ. ಡಿಸೆಂಬರ್‌ನಲ್ಲಿ 80ನೇ ಸಂಖ್ಯೆಯ ಕಾನೂನು ತಂದು ಗುತ್ತಿಗೆಯ ನೆಲದಲ್ಲಿ ಶೇಕಡಾ 99ಕ್ಕಿಂತ ಹೆಚ್ಚು ವಾಪಸ್ ತಗೊಂಡರು. 1972ರ ಜೂನ್ 1ರಂದು ಕಿರ್ಕುಕ್‌ನ ಬಾವಿಗಳೂ ರಾಷ್ಟ್ರೀಕರಣ ಆದವು, 75 ವರ್ಷದ ಗುತ್ತಿಗೆಯಲ್ಲಿ ಇನ್ನೂ 28 ವರ್ಷ ಬಾಕಿ ಇರುವಾಗಲೇ.