500 ಜಿಬಿ ಹಾರ್ಡ್ ಡಿಸ್ಕ್‌ನಿಂದ 240 ಜಿಬಿ ಎಸ್‌ಎಸ್‌ಡಿಗೆ ಕ್ಲೋನ್

ಡೊಂಬಿವ್ಲಿಯ ಮಿತ್ರರೇ, ಲ್ಯಾಪ್‌ಟಾಪಿನ ಹಳೇ ಡಿಸ್ಕನ್ನು ಇದ್ದಹಾಗೇ ಎಸ್‌ಎಸ್‌ಡಿಗೆ ನಕಲು (ಕ್ಲೋನ್) ಮಾಡಲು ಹೊರಟಿದ್ದೀರಿ. ತುಂಬಿರುವುದು 130 ಜಿಬಿ ಮಾತ್ರ, ಆದರೂ ನಕಲು ಸಾಫ್ಟ್‌ವೇರ್ ಕ್ಲೋನ್‌ಜಿಲ್ಲಾ ಎಸ್‌ಎಸ್‌ಡಿ ಚಿಕ್ಕದು ಅಂತ ಯಾಕೆ ನಿಲ್ಲುತ್ತದೆ ಎಂದು ಕೇಳಿದ್ದೀರಿ. ಅದು ಫೈಲುಗಳನ್ನಲ್ಲ, ಡಿಸ್ಕಿನ ಅಳತೆಯನ್ನೇ ನೋಡುತ್ತದೆ. ಸಿ ಡ್ರೈವ್ ಶ್ರಿಂಕ್ ಮಾಡಿದರೂ (ಕುಗ್ಗಿಸಿದರೂ) ಸಾಲದು, ವಿಂಡೋಸ್ ರಿಪೇರಿಗೆಂದು ಇಟ್ಟ ರಿಕವರಿ ಪಾರ್ಟಿಷನ್ (ಡಿಸ್ಕಿನ ಪ್ರತ್ಯೇಕ ಭಾಗ) ಸಾಮಾನ್ಯವಾಗಿ ಡಿಸ್ಕಿನ ಕೊನೆಯಲ್ಲೇ ಕೂತಿರುತ್ತದೆ.

ಆದರೆ ಡಿಸ್ಕ್ ಕಟಕಟ ಅನ್ನುತ್ತಿದೆ ಅಂದಿರಲ್ಲ, ನನಗೆ ಅದೇ ಹೆಚ್ಚು ಚಿಂತೆ. ಮೊದಲು ಫೋಟೊ, ದಾಖಲೆಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳಿ. ಆಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ 'ಕರೆಂಟ್ ಪೆಂಡಿಂಗ್ ಸೆಕ್ಟರ್' (ಡಿಸ್ಕಿಗೆ ಓದಲಾಗದೆ ಉಳಿದ ತುಣುಕುಗಳ ಎಣಿಕೆ) ನೋಡಿ. ಸೊನ್ನೆ ಇಲ್ಲದಿದ್ದರೆ ಕ್ಲೋನ್ ಗೊಡವೆಯೇ ಬೇಡ, ಎಸ್‌ಎಸ್‌ಡಿಗೆ ವಿಂಡೋಸ್ ಹೊಸದಾಗಿ ಹಾಕಿ. ಓದಲಾಗದ ಸೆಕ್ಟರ್ ಬಂದಲ್ಲಿ ಕ್ಲೋನ್ ಅರ್ಧಕ್ಕೇ ನಿಲ್ಲಬಹುದು, ಡಿಸ್ಕೂ ಇನ್ನಷ್ಟು ಹಾಳಾಗುತ್ತದೆ.

ಸೊನ್ನೆ ಇದ್ದರೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆಫ್ ಮಾಡಿ, ಎಸ್‌ಎಸ್‌ಡಿ ಕಂಪನಿಯದೇ ಕ್ಲೋನಿಂಗ್ ಸಾಫ್ಟ್‌ವೇರ್ ಬಳಸಿ. ಸ್ಯಾಮ್ಸಂಗ್, ಕ್ರೂಷಿಯಲ್‌ನವರು ಕೊಡುತ್ತಾರೆ. ಅದು ತುಂಬಿದ ಭಾಗವನ್ನಷ್ಟೇ ನಕಲು ಮಾಡಿ ಪಾರ್ಟಿಷನ್ನನ್ನು ತಾನೇ ಕುಗ್ಗಿಸುತ್ತದೆ. ಎಸ್‌ಎಸ್‌ಡಿಯನ್ನು ಹೊರಗಿನಿಂದ ಜೋಡಿಸಲು ಮುಂಬೈನ ಲ್ಯಾಮಿಂಗ್ಟನ್ ರೋಡಿನಲ್ಲಿ ಯುಎಸ್‌ಬಿ 3.0–ಸಾಟಾ ಕೇಬಲ್ ಸಿಗುತ್ತದೆ, 2.5 ಇಂಚಿನ ಡ್ರೈವ್‌ಗೆ ಬೇರೆ ಪವರ್ ಅಡಾಪ್ಟರ್ ಬೇಡ. ಆದರೆ ಯುಎಸ್‌ಬಿ ಹಬ್ ಮೂಲಕ ಹಾಕಬೇಡಿ, ನೇರವಾಗಿ ಲ್ಯಾಪ್‌ಟಾಪಿಗೇ ಹಾಕಿ. ದೊಡ್ಡದಕ್ಕೆ ಬದಲಾಯಿಸಿಕೊಳ್ಳುವುದಾದರೆ 480 ಬೇಡ, ಅದೂ 500ಕ್ಕಿಂತ ಚಿಕ್ಕದೇ, 512 ತೆಗೆದುಕೊಳ್ಳಿ.

ಲ್ಯಾಪ್‌ಟಾಪ್ ಬಿಚ್ಚುವ ಮುನ್ನ ಚಾರ್ಜರ್, ಬ್ಯಾಟರಿ ತೆಗೆದು ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿಯಿರಿ. ಹಳೇ ಡಿಸ್ಕ್ 9.5 ಮಿ.ಮೀ. ದಪ್ಪ ಇದ್ದರೆ 7 ಮಿ.ಮೀ. ಎಸ್‌ಎಸ್‌ಡಿ ಅಲುಗಾಡುತ್ತದೆ, ಪ್ಲಾಸ್ಟಿಕ್ ಸ್ಪೇಸರ್ ಅಂಟಿಸಿ. ಮೊದಲ ಸಲ ಬೂಟ್ ಮಾಡುವಾಗ ಹಳೇ ಡಿಸ್ಕ್ ಯುಎಸ್‌ಬಿಯಲ್ಲಿ ಇರಕೂಡದು, ಎರಡರ ಗುರುತೂ ಒಂದೇ ಆಗಿ ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ. ಎಲ್ಲ ಸರಿ ಇದೆ ಅಂತ ಖಾತ್ರಿಯಾಗುವವರೆಗೆ ಹಳೆಯದನ್ನು ಫಾರ್ಮ್ಯಾಟ್ ಮಾಡಬೇಡಿ.